ಮೇಲ್ನೀರಿನ ಹುಳ, ಕೆಳನೀರಿನ ಹುಳ

ನನ್ನ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಇಪ್ಪತ್ತೊಂಬತ್ತನೆಯ ವಯಸ್ಸಿನವರೆಗೆ ಮೀನು ಮಾರುಕಟ್ಟೆಯ ಮೂರನೆಯ ಸಾಲಿನಲ್ಲಿ ಕೂತು ಮೀನು ಕೊಯ್ದುಕೊಡುತ್ತಿದ್ದಳು. ಗಿರಾಕಿಗಳು ಕೊಂಡು ತಂದ ಮೀನಿನ ಪೊರೆ ಹೆರೆದು, ಕಿವಿರು ಕಿತ್ತು, ಹೊಟ್ಟೆ ಬಗೆದು, ತುಂಡು ಮಾಡಿಕೊಡುವುದು ಅವಳ ಕೆಲಸ. ಬೇರೆಯವರು ಕಿತ್ತರೆ ಕಿವಿರು ಚಿಂದಿಚಿಂದಿಯಾಗಿ ಬರುತ್ತಿತ್ತು. ದೊಡ್ಡಮ್ಮ ಚೂರಿಯ ತುದಿಯನ್ನು ಮೇಲೊಮ್ಮೆ ಕೆಳಗೊಮ್ಮೆ ತಾಗಿಸಿ ಎಳೆದರೆ ಸಾಕು, ಕೆಂಪು ಬಾಚಣಿಗೆಯ ಹಾಗೆ ಇಡಿಯಾಗಿ ಕೈಗೆ ಬರುತ್ತಿತ್ತು. ಅದಕ್ಕೇ ಅವಳಿಗೆ ಕಿವಿರಮ್ಮ ಎಂದು ಹೆಸರು ಬಿತ್ತು. ಆಮೇಲೆ ಅವಳ ಸ್ವಂತ ಹೆಸರನ್ನು ಕೇಳಿದವರೇ ಕಡಿಮೆ.

ಪ್ರತಿ ಮಂಗಳವಾರ ಮಾರುಕಟ್ಟೆಗೆ ತೆಳ್ಳಗಿನ, ಗೂನುಬೆನ್ನಿನ ಒಬ್ಬ ಮನುಷ್ಯ ಬಂದು ಮೀನಿನ ತಲೆಗಳನ್ನು ಮಾತ್ರ ಕೊಂಡುಹೋಗುತ್ತಿದ್ದರು. ಊರಾಚೆಯ ಮೀನು ಸಂಶೋಧನಾ ಕೇಂದ್ರದವರು. ಮೀನಿನ ಮೈಯ ಹುಳಗಳನ್ನು ಓದುವುದೇ ಅವರ ಕಸುಬಾಗಿದ್ದರಿಂದ ಎಲ್ಲರೂ ಅವರನ್ನು ಹುಳದ ಮೇಷ್ಟ್ರು ಎನ್ನುತ್ತಿದ್ದರು. ಒಂದು ಮಂಗಳವಾರ ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಪುಟ್ಟ ಕತ್ತರಿಯಿಂದ ಒಂದು ತಲೆಯ ಕಿವಿರು ಬಿಡಿಸಲು ಒದ್ದಾಡುತ್ತಿದ್ದರು. ದೊಡ್ಡಮ್ಮನಿಗೆ ನೋಡಲಾಗಲಿಲ್ಲ.

"ಸಾರ್, ಹೀಗೆ ಪರಪರ ಕತ್ತರಿಸಿದ್ರೆ ಅದ್ರಲ್ಲಿ ಇರೋದೂ ಸತ್ತುಹೋಗುತ್ತೆ. ಇತ್ತ ಕೊಡಿ."

"ಅದ್ರಲ್ಲಿ ಏನಿದೆ ಅಂತ ನಿಮಗೆ ಗೊತ್ತಾ?"

"ಹುಳ ಇರುತ್ತೆ. ಬಿಸಿಲಿಗೆ ಹಿಡಿದ್ರೆ ಮಿಣಕ್ ಅಂತ ಅಲ್ಲಾಡುತ್ತೆ. ಮೆಲ್ಲಗೆ ಮಾತಾಡಿ ಸಾರ್, ಗಿರಾಕಿ ಕೇಳಿಸಿಕೊಂಡ್ರೆ ನನ್ನ ಕೆಲಸ ಹೋಗುತ್ತೆ."

ಮೇಷ್ಟ್ರು ಎದ್ದು ನಿಂತರು. ಹದಿನಾಲ್ಕು ವರ್ಷದಿಂದ ಅವರು ಹುಳ ನೋಡುತ್ತಿದ್ದರು. ಗಸಗಸೆ ಕಾಳಿಗಿಂತ ಚಿಕ್ಕದಾದ ಅದನ್ನು ಬರಿಗಣ್ಣಲ್ಲಿ ಕಂಡೆ ಎಂದ ಮೊದಲ ವ್ಯಕ್ತಿ ಇವಳು. ಮುಂದಿನ ತಿಂಗಳು ದೊಡ್ಡಮ್ಮ ಸಂಶೋಧನಾ ಕೇಂದ್ರದಲ್ಲಿ ಸಹಾಯಕಿಯಾಗಿ ಕೆಲಸಕ್ಕೆ ಸೇರಿದಳು.

ಮನೆಯಲ್ಲಿ ಸುದ್ದಿ ಕೇಳಿ ಅವಳ ಅತ್ತೆ ಬಾಯಿಗೆ ಕೈ ಇಟ್ಟುಕೊಂಡರು. "ಹುಳ ನೋಡೋದಕ್ಕೂ ಸಂಬಳ ಕೊಡ್ತಾರೇನೇ? ಹಾಗಾದ್ರೆ ನಮ್ಮ ಹಿಟ್ಟಿನ ಡಬ್ಬ ತಗೊಂಡು ಹೋಗು, ಒಂದು ವರ್ಷಕ್ಕೆ ಸಾಕಾಗೋಷ್ಟಿದೆ." ದೊಡ್ಡಪ್ಪ ದರ್ಜಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಅವರಿಗೆ ನಗಲಾಗಲಿಲ್ಲ, ಭುಜ ಮಾತ್ರ ಕುಣಿಯಿತು.

ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಒಂದು ಕಲ್ಲಿನ ಮೇಜು, ಎರಡು ಮೈಕ್ರೋಸ್ಕೋಪು, ಗೋಡೆಯುದ್ದಕ್ಕೂ ಗಾಜಿನ ಸ್ಲೈಡುಗಳ ಕಪಾಟು. ಕಿವಿರು ಕೆಡದಂತೆ ಹಾಕಿಡುವ ಫಾರ್ಮಲಿನ್ ದ್ರವದ ವಾಸನೆಗೆ ಮೊದಲ ವಾರ ಅವಳ ಕಣ್ಣಲ್ಲಿ ಧಾರಾಕಾರ ನೀರು. ಏಳನೆಯ ತರಗತಿಯವರೆಗೆ ಓದಿದ್ದ ಅವಳಿಗೆ ಮೇಷ್ಟ್ರು ಒಂದೊಂದಾಗಿ ಕಲಿಸಿದರು: ಕಿವಿರಿನಿಂದ ಹುಳವನ್ನು ಕುಂಚದ ಒಂದೇ ಕೂದಲಲ್ಲಿ ಎತ್ತುವುದು, ಗಾಜಿನ ಮೇಲೆ ಹನಿಯಲ್ಲಿ ಇಳಿಸುವುದು, ಗುಳ್ಳೆ ಬಾರದ ಹಾಗೆ ಮೇಲೆ ತೆಳುಗಾಜು ಮುಚ್ಚುವುದು, ಕಂಡದ್ದನ್ನು ಕಂಡಷ್ಟೇ ಪೆನ್ಸಿಲಿನಲ್ಲಿ ಚಿತ್ರ ಬರೆಯುವುದು. ಹುಳದ ಬಾಲದ ಕಡೆ ಎರಡು ದೊಡ್ಡ ಕೊಕ್ಕೆಗಳಿರುತ್ತವೆ. ಅವುಗಳಿಂದಲೇ ಅದು ಕಿವಿರನ್ನು ಕಚ್ಚಿ ಹಿಡಿಯುವುದು. ದೊಡ್ಡಮ್ಮನ ಪುಸ್ತಕದ ತುಂಬ ಕೊಕ್ಕೆಗಳೇ.

"ಈ ಹುಳ ಇನ್ನೊಂದು ಮೀನಿಗೆ ಹತ್ತಲ್ವಾ ಸಾರ್?" ಎಂದು ಅವಳು ಒಮ್ಮೆ ಕೇಳಿದಳು.

"ಬಹಳ ಮಟ್ಟಿಗೆ ಹತ್ತಲ್ಲ. ಮೊಟ್ಟೆಯಿಂದ ಬಂದ ಮರಿಗೆ ಒಂದು ದಿನ, ಹೆಚ್ಚಂದ್ರೆ ಎರಡು ದಿನದ ಆಯಸ್ಸು. ಅಷ್ಟರಲ್ಲಿ ತನ್ನ ಜಾತಿಯ ಮೀನೇ ಸಿಗಬೇಕು. ಯಾಕೆ ಹೇಳಿ? ಈ ಮೀನಿನ ಅಜ್ಜನ ಅಜ್ಜನ ಕಾಲದಿಂದ ಇದರ ಅಜ್ಜನ ಅಜ್ಜನೂ ಜೊತೇಲೇ ಇದೆ. ಮೀನಿನ ಕಿವಿರು ಚೂರು ಬದಲಾದ್ರೆ ಹುಳದ ಕೊಕ್ಕೇನೂ ಬದಲಾಗಬೇಕು. ಇಲ್ದಿದ್ರೆ ಜಾರಿಬಿದ್ದು ಸಾಯುತ್ತೆ."

"ಮೈ ದಪ್ಪ ಆದ್ರೆ ಅಂಗಿ ಬಿಚ್ಚಿ ಹೊಲೀಬೇಕಲ್ಲ, ಹಾಗೆ."

"ಹಾಗೇ. ಆದ್ರೆ ಇಲ್ಲಿ ಹೊಲಿಯೋನು ಯಾರೂ ಇಲ್ಲ. ಸರಿಹೊಂದಿದ್ದು ಉಳೀತು, ಉಳಿದದ್ದು ಹೋಯ್ತು, ಅಷ್ಟೇ. ಮೀನೂ ಸುಮ್ಮನೆ ಕೂರಲ್ಲ. ಲೋಳೆ ಸುರಿಸಿ ಹುಳಾನ ಹದ್ದುಬಸ್ತಲ್ಲಿ ಇಡುತ್ತೆ. ಹುಳಾನೂ ಮೀನನ್ನ ಪೂರ್ತಿ ಕೊಲ್ಲಲ್ಲ, ಕೊಂದ್ರೆ ಇರೋ ಮನೆ ಹೋಯ್ತು. ಸಾವಿರಾರು ವರ್ಷ ಜಗಳ ಆಡಿಕೊಂಡೇ ಸಂಸಾರ ಮಾಡಿದ್ದಾವೆ."

ಊರಿನ ಪಕ್ಕ ಒಂದು ದೊಡ್ಡ ಸರೋವರ, ಬೆಟ್ಟದ ಮೇಲೆ ಇನ್ನೊಂದು. ಮಾರುಕಟ್ಟೆಯವರ ಬಾಯಲ್ಲಿ ಇವು ಕೆಳನೀರು, ಮೇಲ್ನೀರು. ಒಂದು ಕಾಲದಲ್ಲಿ ಎರಡಕ್ಕೂ ನಡುವೆ ಹೊಳೆ ಹರಿಯುತ್ತಿತ್ತಂತೆ. ಎಷ್ಟೋ ಸಾವಿರ ವರ್ಷದ ಹಿಂದೆ ಬೆಟ್ಟದ ಒಂದು ಮಗ್ಗುಲು ಕುಸಿದು ಹೊಳೆ ಮುಚ್ಚಿತು, ಮೇಲ್ನೀರು ಬೇರೆ ದಿಕ್ಕಿಗೆ ಹರಿಯತೊಡಗಿತು. ಎರಡರಲ್ಲೂ ಬಾಲದ ಬುಡದಲ್ಲಿ ಕಪ್ಪು ಬೊಟ್ಟಿರುವ, ಅಂಗೈಯಗಲದ ಮೀನು ಸಿಗುತ್ತದೆ. ಹೆಸರು ಕರಿಬೊಟ್ಟು. ಮೇಲಿನದೋ ಕೆಳಗಿನದೋ ಎಂದು ಮಾರುವವರಿಗೂ ತಿನ್ನುವವರಿಗೂ ಗೊತ್ತಾಗುತ್ತಿರಲಿಲ್ಲ. ಪುಸ್ತಕಗಳಲ್ಲೂ ಎರಡೂ ಒಂದೇ ಮೀನು.

ಕೊಕ್ಕೆ ಬರೆಯುತ್ತ ಬರೆಯುತ್ತ ದೊಡ್ಡಮ್ಮನಿಗೆ ಒಂದು ಸಂಶಯ ಹೊಕ್ಕಿತು. ಮೇಲ್ನೀರಿನ ಕರಿಬೊಟ್ಟಿನ ಹುಳದಲ್ಲಿ ಕೊಕ್ಕೆಯ ಬುಡ ಎರಡಾಗಿ ಕವಲೊಡೆದಿತ್ತು. ಕೆಳನೀರಿನದರಲ್ಲಿ ಬುಡ ಮೊಂಡು. ಮೇಷ್ಟ್ರಿಗೆ ತೋರಿಸಿದಳು. ಅವರು ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಹಾಗಿದ್ರೆ ಮೀನೂ ಎರಡಾಗಿರಬಹುದು. ಇದನ್ನ ಬಿಡಬೇಡಿ," ಎಂದರು. ಆದರೆ ಆ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಅದೇ ವರ್ಷ ನಿವೃತ್ತರಾದರು, ಮರುವರ್ಷ ತೀರಿಕೊಂಡರು. ದೊಡ್ಡಮ್ಮನಿಗಾಗ ನಲವತ್ತೊಂಬತ್ತು.

ಅವರ ಜಾಗಕ್ಕೆ ಬಂದವರು ಖಡಕ್ ಹೆಂಗಸು. ಚಪ್ಪಲಿಯ ಸದ್ದಿಗೇ ಕಾರಿಡಾರು ಖಾಲಿಯಾಗುತ್ತಿತ್ತು. ಎಲ್ಲರಿಗೂ ಅವರು ಮೇಡಂ. ಮೇಲ್ನೀರಿನಲ್ಲಿ ಕರಿಬೊಟ್ಟು ಕಡಿಮೆಯಾಗುತ್ತಿದೆಯೆಂದು ಮೇಲಿನ ಕಚೇರಿಯಿಂದ ಆದೇಶ ಬಂದಿತ್ತು: ಕೆಳನೀರಿನ ಮೀನಿನಿಂದ ಮರಿ ಮಾಡಿಸಿ, ಐದು ಲಕ್ಷ ಮರಿಗಳನ್ನು ಮೇಲ್ನೀರಿಗೆ ಬಿತ್ತನೆ ಮಾಡಬೇಕು. ಇನ್ನು ಐದು ತಿಂಗಳಿಗೆ ದಿನ ಗೊತ್ತಾಗಿತ್ತು. ಮರಿಗಳನ್ನು ಸಾಕುವ ತೊಟ್ಟಿಗಳಿಗೆ ನೀರು ಬಿಡುವುದು ಕೆಳನೀರಿನಿಂದಲೇ. ಎಂದರೆ ಮರಿಯ ಜೊತೆ ಹುಳವೂ ಬೆಟ್ಟ ಹತ್ತುವುದು ಖಂಡಿತ.

ದೊಡ್ಡಮ್ಮ ಎರಡು ಸ್ಲೈಡು ಹಿಡಿದು ಮೇಡಂ ಕೋಣೆಗೆ ಹೋದಳು. ಇಪ್ಪತ್ತು ವರ್ಷದಲ್ಲಿ ಅವಳು ಮುಖ್ಯಸ್ಥರ ಕೋಣೆಗೆ ತಾನಾಗಿ ಹೋದದ್ದು ಅದೇ ಮೊದಲು.

"ಮೇಡಂ, ಈ ಬಿತ್ತನೆ ಬೇಡ. ಎರಡೂ ಒಂದೇ ಮೀನಲ್ಲ."

ಮೇಡಂ ಸ್ಲೈಡುಗಳನ್ನು ನೋಡಿದರು. ಅವಸರ ಮಾಡಲಿಲ್ಲ, ಅದನ್ನು ದೊಡ್ಡಮ್ಮ ಈಗಲೂ ಹೇಳುತ್ತಾಳೆ. "ಹುಳ ಬೇರೆ ಕಾಣುತ್ತೆ, ಒಪ್ತೀನಿ. ಹುಳ ಬೇರೆ ಆದ ಮಾತ್ರಕ್ಕೆ ಮೀನು ಬೇರೆ ಅಂತ ಹೇಗೆ ಹೇಳ್ತೀರಿ? ಎಷ್ಟು ಮೀನು ನೋಡಿದ್ದೀರಿ?"

"ಮೇಲಿನದು ಹನ್ನೊಂದು ಸಿಕ್ಕಿತ್ತು."

"ಹನ್ನೊಂದು ಮೀನು ಹಿಡ್ಕೊಂಡು ಸರ್ಕಾರದ ಆದೇಶ ನಿಲ್ಲಿಸಕ್ಕಾಗುತ್ತಾ? ಮೇಲಿಂದು ನೂರು, ಕೆಳಗಿಂದು ನೂರು ತನ್ನಿ. ಆಮೇಲೆ ಮಾತಾಡೋಣ."

ಬೇರೆ ಯಾರಾದರೂ ಆಗಿದ್ದರೆ ಅದನ್ನು 'ಹೋಗಿ ಬನ್ನಿ' ಎಂಬ ಮಾತೆಂದುಕೊಳ್ಳುತ್ತಿದ್ದರು. ದೊಡ್ಡಮ್ಮ ಅದನ್ನು ಅಕ್ಷರಶಃ ತೆಗೆದುಕೊಂಡಳು. ನೂರು ಎಂದರೆ ನೂರು.

ಕೆಳನೀರಿನ ನೂರು ಸುಲಭ, ಮಾರುಕಟ್ಟೆಯ ಹಳೆಯ ಗೆಳತಿಯರು ತಲೆಗಳನ್ನು ಎತ್ತಿಡುತ್ತಿದ್ದರು. ಮೇಲ್ನೀರಿಗೆ ಬಸ್ಸಿನಲ್ಲಿ ಮೂರು ತಾಸು, ತಿರುವು ತಿರುವಿಗೆ ಹೊಟ್ಟೆ ತೊಳಸುವ ದಾರಿ. ಭಾನುವಾರ ಬೆಳಗಿನ ಮೊದಲ ಬಸ್ಸು ಹಿಡಿದು ಹೊರಟರೆ ಸಂಜೆಗೆ ಮನೆ. ಅಲ್ಲಿ ಒಬ್ಬ ದೋಣಿಯವನನ್ನು ಗುರುತು ಮಾಡಿಕೊಂಡಳು. ಅರವತ್ತು ದಾಟಿದ, ಮಾತಿಗೊಮ್ಮೆ ನಗುವ ಮನುಷ್ಯ. ಮುಂಡ ಅವನ ಗಿರಾಕಿಗೆ, ತಲೆ ದೊಡ್ಡಮ್ಮನಿಗೆ. ವಾರವಿಡೀ ಹಿಡಿದ ಕರಿಬೊಟ್ಟಿನ ತಲೆಗಳನ್ನು ಅವನು ಐಸಿನಲ್ಲಿ ಇಟ್ಟಿರುತ್ತಿದ್ದ. ದೊಡ್ಡಮ್ಮ ದಡದ ಕಲ್ಲಿನ ಮೇಲೆ ಕೂತು ಕಿವಿರು ಬಿಡಿಸಿ, ಫಾರ್ಮಲಿನ್ ಬಾಟಲಿಗೆ ಹಾಕಿ, ಮೇಲೆ ತಾರೀಖು ಬರೆದು ಅಂಟಿಸುತ್ತಿದ್ದಳು.

"ಅಕ್ಕಾ, ಊರಲ್ಲಿ ಎಲ್ಲಾ ಕೇಳ್ತಾರೆ, ಆ ಹೆಂಗಸು ಬರೀ ತಲೆ ಯಾಕೆ ಒಯ್ತಾಳೆ ಅಂತ."

"ನನಗೆ ತಲೆ ಇಲ್ಲ, ಅದಕ್ಕೆ ಅಂತ ಹೇಳಿಬಿಡಿ ಅಣ್ಣಾ."

ನಾಲ್ಕು ತಿಂಗಳು ಒಂದು ಭಾನುವಾರವನ್ನೂ ಬಿಡಲಿಲ್ಲ. ಒಮ್ಮೆ ಜ್ವರದಲ್ಲಿ ಹೊರಟವಳನ್ನು ಅತ್ತೆ ಬಾಗಿಲಿಗೆ ಅಡ್ಡ ನಿಂತು ತಡೆದರು. "ಸತ್ತರೆ ಹುಳ ಬಂದು ಅಳುತ್ತಾ ನಿನಗೆ?" ದೊಡ್ಡಮ್ಮ, "ಇಲ್ಲಮ್ಮ, ನೀವು ಅಳ್ತೀರಲ್ಲ, ಸಾಕು," ಎಂದು ಪಕ್ಕದಿಂದ ನುಸುಳಿ ಹೋದಳಂತೆ. ಮುದುಕಿ ಬೈಯುತ್ತಲೇ ಕಿಟಕಿಯಿಂದ ಶಾಲು ಎಸೆದರು.

ಹುಳವಿಲ್ಲದ ಕಿವಿರನ್ನು ಲೆಕ್ಕಕ್ಕೆ ಹಿಡಿಯದೆ ನೂರು ತುಂಬಿತು. ಒಂದೊಂದು ಮೀನಿನ ಹುಳವನ್ನೂ ಎತ್ತಿ, ಗಾಜಿಗಿಳಿಸಿ, ಕೊಕ್ಕೆ ಬರೆದು ಮುಗಿಸಿದಳು. ಕೆಳನೀರಿನ ನೂರಕ್ಕೆ ನೂರೂ ಮೊಂಡು ಬುಡ. ಮೇಲ್ನೀರಿನ ತೊಂಬತ್ನಾಲ್ಕು ಕವಲು ಬುಡ. ಆದರೆ ಆರು ಮೊಂಡು.

ಬೇಕೆಂದರೆ ಆ ಆರನ್ನು ಪಕ್ಕಕ್ಕೆ ಸರಿಸಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ದೊಡ್ಡಮ್ಮ ಆರನ್ನೂ ಸೇರಿಸಿಯೇ ಮೇಡಂ ಮುಂದಿಟ್ಟಳು.

ಮೇಡಂ ಕನ್ನಡಕ ತೆಗೆದರು. "ನೋಡಿ, ಎರಡು ಥರದ ಹುಳಾನೂ ಮೇಲೆ ಇದೆ ಅಂತಾಯ್ತಲ್ಲ. ಹಾಗಿದ್ರೆ ಮೀನು ಒಂದೇ ಇರಬಹುದು, ಹುಳ ಎರಡು. ಬಿತ್ತನೆಗೆ ಇನ್ನು ಐದು ವಾರ ಇದೆ. ಇಷ್ಟರ ಆಧಾರದ ಮೇಲೆ ಬಿತ್ತನೆ ನಿಲ್ಲಿಸಿ ಅಂತ ನಾನು ಬರೆಯೋಕಾಗಲ್ಲ."

ಆ ದಿನ ಮನೆಗೆ ಬಂದು ದೊಡ್ಡಮ್ಮ ಊಟಕ್ಕೆ ಕೂರಲಿಲ್ಲ. ದೊಡ್ಡಪ್ಪ ಹೊಲಿಗೆ ಯಂತ್ರದ ಮುಂದಿಂದ ಏಳದೆಯೇ ಕೇಳಿದರು, "ಏನಾಯ್ತೇ?" ಇವಳು ಎಲ್ಲ ಹೇಳಿದಳು. ಅವರು ದಾರ ಕಡಿದು, "ನನ್ನ ಹತ್ರ ಅಂಗಿ ಬಿಗಿ ಆಯ್ತು ಅಂತ ವಾಪಸ್ ಬಂದ್ರೆ ನಾನು ಮೊದಲು ಹೊಲಿಗೆ ನೋಡಲ್ಲ. ಈ ಅಳತೆ ಯಾರದು, ಯಾವತ್ತು ತಗೊಂಡಿದ್ದು ಅಂತ ನೋಡ್ತೀನಿ," ಎಂದರು.

ದೊಡ್ಡಮ್ಮ ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದಳು. ಆರು ಸ್ಲೈಡುಗಳ ತಾರೀಖು ನೋಡಿದಳು. ಆರೂ ಒಂದೇ ಬಾಟಲಿಯವು, ಒಂದೇ ಭಾನುವಾರದವು. ಮೂರನೆಯ ತಿಂಗಳ ಎರಡನೆಯ ವಾರ. ಆ ವಾರದ್ದು ಬೇರೆ ಮೀನೇ ಇಲ್ಲ. ರಜೆ ಚೀಟಿ ಬರೆದು ಮೇಜಿನ ಮೇಲಿಟ್ಟು ನೇರ ಬಸ್ ನಿಲ್ದಾಣಕ್ಕೆ ನಡೆದಳು.

ಬುಧವಾರ ಬಂದವಳನ್ನು ನೋಡಿ ದೋಣಿಯವನು ಬಲೆ ಕೆಳಗಿಟ್ಟ. "ಏನಕ್ಕಾ, ವಾರ ಮರೆತುಬಿಟ್ರಾ?"

"ಅಣ್ಣಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಾಳಿ ಜೋರಿದ್ದ ಆ ವಾರ ಆರು ತಲೆ ಕೊಟ್ರಲ್ಲ, ಅದು ಎಲ್ಲಿ ಹಿಡಿದದ್ದು?"

"ಎಲ್ಲಿ ಅಂದ್ರೆ? ಇಲ್ಲೇ. ಆ ಬಂಡೆ ಹತ್ರ."

"ಅವು ಕೆಳನೀರಿನ ಮೀನು."

ಅವನು ನಗಲು ಹೋದ, ನಗು ಬರಲಿಲ್ಲ. ಬಲೆಯನ್ನು ಮತ್ತೆ ಎತ್ತಿಕೊಂಡು ಗಂಟು ಬಿಡಿಸತೊಡಗಿದ. ಕೊನೆಗೆ, "ನಿಮಗೆ ಯಾರು ಹೇಳಿದ್ದು?" ಎಂದ.

"ಹುಳ ಹೇಳ್ತು."

"ಅಯ್ಯೋ ಅಕ್ಕಾ," ಎಂದು ಅವನು ತಲೆ ಚಚ್ಚಿಕೊಂಡ. "ಆ ವಾರ ದೋಣಿ ಇಳಿಸಕ್ಕೇ ಆಗಲಿಲ್ಲ. ನೀವು ಅಷ್ಟು ದೂರದಿಂದ ವಾಂತಿ ಮಾಡ್ಕೊಂಡು ಬರ್ತೀರಿ, ಖಾಲಿ ಕೈಯಲ್ಲಿ ಹೇಗೆ ಕಳಿಸೋದು ಅಂತ... ಕೆಳಗಿಂದ ಬರೋ ಮೀನಿನ ವ್ಯಾನಲ್ಲಿ ಆರು ಕೊಂಡು ತಲೆ ಕತ್ತರಿಸಿಟ್ಟೆ. ಕರಿಬೊಟ್ಟು ಕರಿಬೊಟ್ಟೇ ಅಲ್ವಾ ಅಂದ್ಕೊಂಡೆ. ತಪ್ಪಾಯ್ತು."

ದೊಡ್ಡಮ್ಮನಿಗೆ ಅವನನ್ನು ಬೈಯಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ. ನಾಲ್ಕು ತಿಂಗಳ ಕೆಲಸವನ್ನು ಮಣ್ಣುಪಾಲು ಮಾಡುತ್ತಿದ್ದದ್ದು ಅವನ ಕರುಣೆ. ಆದರೆ ಮೂವತ್ತೈದು ವರ್ಷದಿಂದ ಕರಿಬೊಟ್ಟು ಹಿಡಿಯುತ್ತಿರುವವನಿಗೆ ಗೊತ್ತಾಗದ ವ್ಯತ್ಯಾಸವನ್ನು ಗಸಗಸೆಗಿಂತ ಚಿಕ್ಕ ಹುಳ ಹೇಳಿಬಿಟ್ಟಿತ್ತು. "ಈ ಮಾತನ್ನ ನಮ್ಮ ಮೇಡಂ ಮುಂದೆ ಬಂದು ಹೇಳ್ತೀರಾ?" ಎಂದಳು. ಅವನು ಅಂಗಿ ಬದಲಾಯಿಸಿಕೊಂಡು ಅದೇ ಬಸ್ಸಿಗೆ ಬಂದ.

ಮೇಡಂ ಅವನ ಮಾತನ್ನು ಪೂರ್ತಿ ಕೇಳಿದರು. "ನೀವು ಇವರಿಗೋಸ್ಕರ ಈಗಲೂ ಸುಳ್ಳು ಹೇಳ್ತಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದರು. ದೋಣಿಯವನು ಕೆಂಪಾದ. ದೊಡ್ಡಮ್ಮ ಮಾತ್ರ, "ಸರಿ ಮೇಡಂ. ನೀವೇ ಪರೀಕ್ಷೆ ಮಾಡಿ," ಎಂದಳು.

ಮೇಡಂ ಮಾಡಿದರು. ತಾವೇ ಬೆಟ್ಟ ಹತ್ತಿ, ತಮ್ಮ ಕಣ್ಣೆದುರೇ ಬಲೆ ಹಾಕಿಸಿ ಮೂವತ್ತು ಮೀನು ತಂದರು. ಕೆಳನೀರಿನಿಂದ ಮೂವತ್ತು. ಎಲ್ಲದರ ಕಿವಿರನ್ನೂ ಅರವತ್ತು ಬಾಟಲಿಗೆ ಹಾಕಿ, ಬರೀ ಅಂಕಿ ಬರೆದು, ಯಾವುದು ಎಲ್ಲಿಯದು ಎಂಬ ಪಟ್ಟಿಯನ್ನು ಬೀಗದೊಳಗೆ ಇಟ್ಟರು. ದೊಡ್ಡಮ್ಮನಿಗೆ ನಾಲ್ಕು ದಿನ.

ಆ ನಾಲ್ಕು ದಿನ ಅವಳು ಮೈಕ್ರೋಸ್ಕೋಪಿನ ಮುಂದಿಂದ ಏಳಲೇ ಇಲ್ಲವಂತೆ. ಐದನೆಯ ಬೆಳಿಗ್ಗೆ ಕೇಂದ್ರದ ಎಲ್ಲರೂ ಏನೇನೋ ನೆಪ ಮಾಡಿಕೊಂಡು ಆ ಕೋಣೆಯ ಬಾಗಿಲಲ್ಲಿ ನೆರೆದಿದ್ದರು. ಮೇಡಂ ಬೀಗ ತೆಗೆದು ಅಂಕಿ ಓದುತ್ತ ಹೋದರು. ದೊಡ್ಡಮ್ಮ 'ಮೇಲೆ', 'ಕೆಳಗೆ' ಎನ್ನುತ್ತ ಹೋದಳು. ಹದಿನೇಳನೆಯದಕ್ಕೆ, "ಗೊತ್ತಿಲ್ಲ," ಎಂದಳು.

"ಗೊತ್ತಿಲ್ಲ ಅಂದ್ರೆ?"

"ಇದ್ರಲ್ಲಿ ಹುಳಾನೇ ಇರಲಿಲ್ಲ ಮೇಡಂ. ಊಹೆ ಮಾಡಿ ಹೇಳಲ್ಲ."

ಅಂಥವು ಮೂರಿದ್ದವು. ಉಳಿದ ಐವತ್ತೇಳರಲ್ಲಿ ಒಂದೂ ತಪ್ಪಲಿಲ್ಲ. ಮೇಡಂ ಪಟ್ಟಿಯನ್ನು ಮಡಚಿಟ್ಟು, "ಆ ಮೂರಕ್ಕೂ ನೀವು ಊಹೆ ಮಾಡಿ ಹೇಳಿದ್ರೆ ನನಗೆ ಅನುಮಾನ ಉಳೀತಿತ್ತು," ಎಂದರಷ್ಟೇ. ಆ ದಿನದಿಂದ ಅವರು ದೊಡ್ಡಮ್ಮನ ಪಕ್ಕದ ಮೈಕ್ರೋಸ್ಕೋಪಿನಲ್ಲಿ ಕೂರತೊಡಗಿದರು.

ಬೇರೆ ಮೀನಿಗೆ ಹುಳ ಬಹಳ ಮಟ್ಟಿಗೆ ಹತ್ತದು ನಿಜ, ಆದರೆ ಇವೆರಡೂ ಹತ್ತಿರದ ನೆಂಟ ಮೀನುಗಳು. ಹಾಗಾಗಿ ಇನ್ನೊಂದು ಪ್ರಶ್ನೆ ಉಳಿದಿತ್ತು: ಕೆಳಗಿನ ಹುಳ ಮೇಲಿನ ಮೀನಿಗೆ ಹತ್ತುತ್ತದೆಯೇ, ಹತ್ತಿದರೆ ಏನಾಗುತ್ತದೆ? ಇಬ್ಬರೂ ಸೇರಿ ಒಂದು ಗಾಜಿನ ತೊಟ್ಟಿಯಲ್ಲಿ ಎರಡೂ ನೀರಿನ ಹನ್ನೆರಡು ಹನ್ನೆರಡು ಮೀನು ಬಿಟ್ಟರು. ಮೇಲಿನವಕ್ಕೆ ಗುರುತಿಗೆ ರೆಕ್ಕೆಯ ತುದಿ ಕತ್ತರಿಸಿದ್ದರು. ಬರೀ ಮೇಲಿನವೇ ಇನ್ನೂ ಹನ್ನೆರಡನ್ನು, ಅದೇ ಥರ ರೆಕ್ಕೆ ಕತ್ತರಿಸಿ, ಬೇರೆ ತೊಟ್ಟಿಯಲ್ಲಿ. ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ಮೊದಲ ತೊಟ್ಟಿಯಲ್ಲಿ ರೆಕ್ಕೆ ಕತ್ತರಿಸಿದ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಕಿವಿರಿನ ತುಂಬ ಗಂಜಿಯಂಥ ಲೋಳೆ, ಲೋಳೆಯಡಿ ನೂರಾರು ಮೊಂಡು ಬುಡದ ಹುಳ. ಹನ್ನೆರಡರಲ್ಲಿ ಒಂಬತ್ತು ಸತ್ತವು. ಅದೇ ತೊಟ್ಟಿಯ ಕೆಳನೀರಿನ ಮೀನುಗಳು ಆರಾಮವಾಗಿ ಈಜುತ್ತಿದ್ದವು. ಅವಕ್ಕೆ ಆ ಹುಳದ ಜೊತೆ ಬಾಳಿ ಗೊತ್ತಿತ್ತು, ಮೇಲಿನವಕ್ಕೆ ಗೊತ್ತಿರಲಿಲ್ಲ. ಬೇರೆ ತೊಟ್ಟಿಯ ಹನ್ನೆರಡೂ ಬದುಕಿದ್ದವು.

ತಾನು ಹೇಳಿದ್ದು ನಿಜವಾಯಿತೆಂದು ದೊಡ್ಡಮ್ಮ ಹಿಗ್ಗಲಿಲ್ಲ. ಸತ್ತ ಒಂಬತ್ತನ್ನು ಸಾಲಾಗಿ ಮಲಗಿಸಿ ನೋಡುತ್ತ, "ಐದು ಲಕ್ಷ ಮರಿ ಹೋಗಿದ್ರೆ ಇಡೀ ಮೇಲ್ನೀರು ಹೀಗೇ ಮಲಗ್ತಿತ್ತು," ಎಂದಳು. ಆಮೇಲೆ ಕೈ ತೊಳೆದುಕೊಂಡು ಕಿವಿರು ಬಿಡಿಸಲು ಕೂತಳು.

ಬಿತ್ತನೆಗೆ ಎಂಟು ದಿನ ಉಳಿದಿತ್ತು. ಲಾರಿಗಳೂ ಗೊತ್ತಾಗಿದ್ದವು. ಮೇಡಂ ಮೇಲಿನ ಕಚೇರಿಗೆ ಫೋನು ಮಾಡಿದರು, ಬರೆದರು, ಕೊನೆಗೆ ದೊಡ್ಡಮ್ಮನನ್ನೂ ಕರೆದುಕೊಂಡು ತಾವೇ ಹೋದರು. ಅಲ್ಲಿನ ಅಧಿಕಾರಿ, "ಒಂದು ಹುಳಕ್ಕೆ ಹೆದರಿ ಯೋಜನೆ ನಿಲ್ಲಿಸಬೇಕಾ?" ಎಂದು ನಕ್ಕರಂತೆ. ಮೇಡಂ ಉತ್ತರ ಕೊಡುವ ಮೊದಲೇ ದೊಡ್ಡಮ್ಮ ಚೀಲದಿಂದ ಎರಡು ಬಾಟಲಿ ತೆಗೆದು ಅವರ ಮೇಜಿನ ಮೇಲಿಟ್ಟಳು. ಒಂದರಲ್ಲಿ ಕೆಂಪು ಕಿವಿರು, ಇನ್ನೊಂದರಲ್ಲಿ ಲೋಳೆ ಮುಚ್ಚಿ ಬಿಳಿಚಿದ ಕಿವಿರು. "ಸಾರ್, ಮೂರು ವಾರದಲ್ಲಿ ಇದು ಅದಾಯ್ತು. ನಾಳೆ ಮೇಲಿನ ದೋಣಿಯವರು ಬಂದು ಕೇಳಿದ್ರೆ ನಾನು ಏನು ಹೇಳಲಿ, ಅದನ್ನ ನೀವೇ ಹೇಳಿಕೊಡಿ." ಅಧಿಕಾರಿಯ ನಗು ನಿಂತಿತು. ಸಂಜೆಯೊಳಗೆ ಬಿತ್ತನೆ ನಿಲ್ಲಿಸುವ ಆದೇಶ ಕೈಗೆ ಬಂತು.

ಮೇಲ್ನೀರಿನ ಪಕ್ಕದಲ್ಲೇ ತೊಟ್ಟಿ ಕಟ್ಟಿ, ಅಲ್ಲಿನ ಮೀನಿನಿಂದಲೇ ಮರಿ ಮಾಡಿ ಬಿಡಲು ಎರಡು ವರ್ಷ ಹಿಡಿಯಿತು. ಆ ತೊಟ್ಟಿಗಳ ಉಸ್ತುವಾರಿ ದೋಣಿಯವನಿಗೇ ಸಿಕ್ಕಿತು. ಮೀನಿನ ತುಣುಕುಗಳನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದ್ದಕ್ಕೆ ಉತ್ತರ ಬಂತು: ಎರಡು ಕರಿಬೊಟ್ಟುಗಳೂ ಬೇರೆಯಾಗಿ ಬಹಳ ಕಾಲವಾಗಿದೆ, ಎರಡು ಜಾತಿ ಎಂದೇ ಹೇಳಬೇಕು. ಹುಳಗಳೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬೇರೆಯಾಗಿದ್ದವು. ಅಚ್ಚಾದ ಲೇಖನದಲ್ಲಿ ಮೊದಲು ಮೇಡಂ ಹೆಸರು, ಎರಡನೆಯದು ಏಳನೆಯ ತರಗತಿ ಓದಿದ ದೊಡ್ಡಮ್ಮನದು, ಕೆಳಗೆ ಕಪ್ಪು ಚೌಕಟ್ಟಿನೊಳಗೆ ಹುಳದ ಮೇಷ್ಟ್ರದು. ಮೇಲ್ನೀರಿನ ಹುಳಕ್ಕೆ ದೊಡ್ಡಮ್ಮನ ಹೆಸರನ್ನೇ ಇಟ್ಟಿದ್ದರು.

ಅತ್ತೆಗೆ ಆಗ ಎಂಬತ್ತೆರಡು. ಲೇಖನದ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಹುಳಕ್ಕೆ ಇಡೋ ಬದಲು ಮೀನಿಗಾದ್ರೂ ಇಡಬಾರದಿತ್ತಾ? ಇರಲಿ, ಬುಡ ಚೆನ್ನಾಗಿದೆ," ಎಂದರು. ಆಮೇಲೆ ಬಂದವರಿಗೆಲ್ಲ ಅದನ್ನು ತೋರಿಸಿದವರೂ ಅವರೇ.

ದೊಡ್ಡಮ್ಮ ಅರವತ್ತಕ್ಕೆ ನಿವೃತ್ತಳಾದಳು. ಈಗ ಅರವತ್ತೇಳು. ಬಲಗೈ ಸ್ವಲ್ಪ ನಡುಗುತ್ತದೆ, ತೆಳುಗಾಜು ಮುಚ್ಚಲು ಎಡಗೈಯನ್ನು ಅಭ್ಯಾಸ ಮಾಡಿಕೊಂಡಿದ್ದಾಳೆ. ವಾರಕ್ಕೆರಡು ದಿನ ಕೇಂದ್ರಕ್ಕೆ ಹೋಗಿ, ಹೊಸದಾಗಿ ಬಂದ ಸಂಶೋಧಕಿಯರಿಗೆ ಕಿವಿರು ಬಿಡಿಸುವುದನ್ನು ಕಲಿಸುತ್ತಾಳೆ. ಅವರ ಕತ್ತರಿಗಳನ್ನೆಲ್ಲ ಮೊದಲ ದಿನವೇ ಕಸಿದುಕೊಳ್ಳುತ್ತಾಳಂತೆ.

ಕಳೆದ ವಾರ ಅವಳ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಖಾಲಿ ಬಾಟಲಿಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಬೆಟ್ಟದ ಆಚೆ ಬದಿಯಲ್ಲಿ ಒಂದು ತೊರೆಯಿದೆ, ಅಲ್ಲೂ ಬಾಲದ ಬುಡದಲ್ಲಿ ಬೊಟ್ಟಿರುವ ಸಣ್ಣ ಮೀನೊಂದಿದೆ ಎಂದು ಯಾರೋ ಹೇಳಿದ್ದರಂತೆ. ಬಸ್ಸು ಹೋಗದ ದಾರಿ, ಕೊನೆಯ ಎರಡು ಮೈಲಿ ನಡೆಯಬೇಕು.

"ಈ ವಯಸ್ಸಲ್ಲಿ ಯಾಕೆ ದೊಡ್ಡಮ್ಮಾ? ಯಾರನ್ನಾದ್ರೂ ಕಳಿಸಿದ್ರೆ ಆಗಲ್ವಾ?" ಎಂದೆ.

"ಕಳಿಸಿದ್ರೆ ವ್ಯಾನಲ್ಲಿ ಕೊಂಡು ತಂದುಬಿಡ್ತಾರೆ," ಎಂದಳು ದೊಡ್ಡಮ್ಮ. "ನಾಳೆ ಆರು ಗಂಟೆಗೆ ಹೊರಡ್ತೀನಿ. ಬರೋದಾದ್ರೆ ಗಟ್ಟಿ ಚಪ್ಪಲಿ ಹಾಕ್ಕೊಂಡು ಬಾ."